ಥಿನ್ನರ್ ಘಾಟಿನಲ್ಲಿ ಕೆಲಸ, ಮನೆಯಲ್ಲಿ ಮಗುವಿನ ಆಸೆ: ಗಂಡಸರು ಮೊದಲು ಏನು ನೋಡಬೇಕು

ಮದುವೆಯಾಗಿ ಎರಡು ವರ್ಷವಾದರೂ ಮಗು ಆಗಲಿಲ್ಲ ಅಂದರೆ ನಮ್ಮ ಕಡೆ ಮೊದಲು ಆಸ್ಪತ್ರೆಗೆ ಹೋಗುವವಳು ಹೆಂಡತಿ. ಸ್ಕ್ಯಾನು, ರಕ್ತ ಪರೀಕ್ಷೆ, ಟ್ಯೂಬ್ ಪರೀಕ್ಷೆ, ನಡುವೆ ಒಂದು ಸಲ ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ. ಗಂಡ ಹೊರಗಡೆ ಬೆಂಚಿನ ಮೇಲೆ ಕೂತು ಮೊಬೈಲ್ ನೋಡುತ್ತಿರುತ್ತಾನೆ. ಪೀಣ್ಯದ ಒಂದು ಸ್ಪ್ರೇ ಪೇಂಟಿಂಗ್ ಶಾಪಿನಲ್ಲಿ ನನ್ನ ಜೊತೆ ಇದ್ದ ಗೆಳೆಯನ ಮನೆಯಲ್ಲೂ ಹೀಗೇ ಆಯಿತು. ಅವನ ಹೆಂಡತಿ ಒಂದೂವರೆ ವರ್ಷ ಮಾತ್ರೆ, ಇಂಜೆಕ್ಷನ್ ತಗೊಂಡಳು. ಕೊನೆಗೆ ಯಾರೋ ಹೇಳಿದರು ಅಂತ ಇವನು ವೀರ್ಯ ಪರೀಕ್ಷೆ ಮಾಡಿಸಿದ. ಕೌಂಟ್, ಅಂದರೆ ವೀರ್ಯಾಣುಗಳ ಸಂಖ್ಯೆ, ತೀರಾ ಕಡಿಮೆ. ಅಷ್ಟೂ ದಿನದಲ್ಲಿ "ಏನು ಕೆಲಸ ಮಾಡ್ತೀಯಪ್ಪಾ?" ಅಂತ ಒಬ್ಬರೂ ಅವನನ್ನು ಕೇಳಿರಲಿಲ್ಲ.

ಥಿನ್ನರ್‌ನಿಂದಲೇ ಹಾಗಾಯಿತು ಅಂತ ನಾನು ಹೇಳುತ್ತಿಲ್ಲ. ಅವನಿಗೆ ವೇರಿಕೋಸಿಲ್ (ವೃಷಣದ ರಕ್ತನಾಳ ಊದಿಕೊಳ್ಳುವ ತೊಂದರೆ) ಇತ್ತು, ಗುಟ್ಕಾ ಚಟ ಬೇರೆ. ಆದರೆ ಕೇಳಬೇಕಾದ ಪ್ರಶ್ನೆಯನ್ನೇ ಯಾರೂ ಕೇಳಲಿಲ್ಲ, ಅಲ್ವಾ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ಪ್ರೇ ಪೇಂಟರ್, ಫರ್ನಿಚರ್ ಪಾಲಿಶ್ ಮಾಡುವವರು, ಆಫ್‌ಸೆಟ್ ಪ್ರೆಸ್ಸಿನಲ್ಲಿ ರೋಲರ್ ತೊಳೆಯುವವರು, ಚಪ್ಪಲಿ-ಬ್ಯಾಗಿಗೆ ಅಂಟು ಹಚ್ಚುವವರು, ಡ್ರೈ ಕ್ಲೀನಿಂಗ್‌ನವರು, ಮೆಷಿನ್ ಪಾರ್ಟ್ ಅಥವಾ ಸರ್ಕ್ಯೂಟ್ ಬೋರ್ಡಿನ ಜಿಡ್ಡು ತೆಗೆಯುವವರು, ಎಲ್ಲರಿಗೂ ಇದು ಬೇಕಾಗುತ್ತದೆ.

ಮೊದಲೇ ಒಂದು ಮಾತು. "ಕೆಮಿಕಲ್ ಅಂದರೆ ಎಲ್ಲಾ ವಿಷ" ಅಂತ ಹೆದರಿ ಕೂತರೆ ಏನೂ ಸಿಗುವುದಿಲ್ಲ. "ಇಪ್ಪತ್ತು ವರ್ಷದಿಂದ ಮಾಡ್ತಾ ಇದೀನಿ, ನಂಗೆ ಏನೂ ಆಗಿಲ್ಲ" ಅನ್ನುವ ಹಳೇ ಮೇಸ್ತ್ರಿ ಮಾತಿನಿಂದಲೂ ಸಿಗುವುದಿಲ್ಲ. ಸಾಲ್ವೆಂಟ್‌ಗಳಲ್ಲಿ (ಥಿನ್ನರ್ ತರ ಕರಗಿಸುವ ದ್ರಾವಣಗಳಲ್ಲಿ) ವೀರ್ಯಕ್ಕೆ ನಿಜವಾಗಿ ಪೆಟ್ಟು ಕೊಡುವವು ಕೆಲವೇ. ಆ ಕೆಲವು ನಿಮ್ಮ ಡ್ರಮ್‌ನಲ್ಲಿ ಇವೆಯಾ ಅಂತ ಪತ್ತೆ ಮಾಡುವುದೇ ಅರ್ಧ ಕೆಲಸ.

ಕೊರಿಯಾದಲ್ಲಿ ಆಗಿದ್ದು

1995ರಲ್ಲಿ ದಕ್ಷಿಣ ಕೊರಿಯಾದ ಯಾಂಗ್ಸಾನ್ ಊರಿನ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಚಿಕ್ಕ ಸ್ವಿಚ್‌ಗಳನ್ನು ಜೋಡಿಸುವ ಹುಡುಗಿಯರಿಗೆ ಒಬ್ಬೊಬ್ಬರಿಗೇ ಮುಟ್ಟು ನಿಲ್ಲತೊಡಗಿತು. ಎಲ್ಲರೂ ಚಿಕ್ಕ ವಯಸ್ಸಿನವರು. ಪರೀಕ್ಷೆ ಮಾಡಿದಾಗ 25 ಹೆಂಗಸರಲ್ಲಿ 16 ಮಂದಿಯ ಅಂಡಾಶಯ ಕೆಲಸ ನಿಲ್ಲಿಸಿತ್ತು. ಅದೇ ಜಾಗದಲ್ಲಿದ್ದ 8 ಗಂಡಸರಲ್ಲಿ 6 ಮಂದಿಯ ವೀರ್ಯದಲ್ಲಿ ತೊಂದರೆ ಇತ್ತು. ಅವರಲ್ಲಿ ಇಬ್ಬರಿಗೆ ವೀರ್ಯಾಣುವೇ ಇರಲಿಲ್ಲ.

ಕಾರಣ 2-ಬ್ರೋಮೋಪ್ರೊಪೇನ್. ಇದು ಅಲ್ಲಿಗೆ ಬಂದ ದಾರಿ ನೋಡಿ. ಮೊದಲು ಆ ಸ್ವಿಚ್‌ಗಳನ್ನು ತೊಳೆಯಲು ಫ್ರಿಯಾನ್ ಬಳಸುತ್ತಿದ್ದರು. ಓಝೋನ್ ಪದರ ಉಳಿಸಲು 1987ರ ಮಾಂಟ್ರಿಯಲ್ ಒಪ್ಪಂದ ಬಂತು, ಫ್ರಿಯಾನ್ ಬಿಡಬೇಕಾಯಿತು. ಅದರ ಜಾಗಕ್ಕೆ ಬಂದದ್ದು ಈ ಹೊಸ ದ್ರಾವಣ. ಮನುಷ್ಯರ ಮೇಲೆ ಇದರ ಪರಿಣಾಮ ಏನು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದನ್ನೇ "ಸೇಫ್" ಅಂತ ತಿಳಿದುಕೊಂಡರು. ನಿಮ್ಮ ಶಾಪಿಗೆ ಹೊಸ ಡಬ್ಬಿ ಬಂದು, "ಇದು ಹಳೇದಕ್ಕಿಂತ ಸೇಫ್, ವಾಸನೆನೂ ಇಲ್ಲ" ಅಂತ ಸೇಲ್ಸ್‌ನವನು ಹೇಳಿದಾಗ ಈ ಯಾಂಗ್ಸಾನ್ ನೆನಪಿರಲಿ.

ಇನ್ನೊಂದು ಗುಂಪು ಗ್ಲೈಕಾಲ್ ಈಥರ್‌ಗಳದ್ದು. ನಮ್ಮ ಪೇಂಟ್ ಅಂಗಡಿಗಳ ಭಾಷೆಯಲ್ಲಿ "ಸೆಲ್ಲೋಸಾಲ್ವ್". ಅಮೆರಿಕದ ಹಡಗುಕಟ್ಟೆಯೊಂದರಲ್ಲಿ ಇದನ್ನು ಬಳಸುತ್ತಿದ್ದ ಪೇಂಟರ್‌ಗಳನ್ನು 1980ರ ದಶಕದಲ್ಲಿ ಪರೀಕ್ಷಿಸಿದಾಗ, ಕೌಂಟ್ ಕಡಿಮೆ ಇದ್ದವರು ಮತ್ತು ಕೌಂಟ್ ಸೊನ್ನೆ ಆದವರು ಬೇರೆ ಕೆಲಸದವರಿಗಿಂತ ಜಾಸ್ತಿ ಇದ್ದರು. ಬ್ರಿಟನ್‌ನಲ್ಲಿ 14 ಬಂಜೆತನ ಚಿಕಿತ್ಸಾ ಕೇಂದ್ರಗಳಿಗೆ ಬಂದ 2,118 ಗಂಡಸರ ಕೆಲಸದ ವಿವರ ಕಲೆಹಾಕಿ ನೋಡಿದರು, 2008ರಲ್ಲಿ ಅದು ಪ್ರಕಟವಾಯಿತು. ಗ್ಲೈಕಾಲ್ ಈಥರ್ ಜೊತೆ ಕೆಲಸ ಮಾಡುವವರಲ್ಲಿ ಚುರುಕಾಗಿ ಓಡಾಡುವ ವೀರ್ಯಾಣು ಕಡಿಮೆ ಇರುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಇತ್ತು. ಉಳಿದ ಕೆಮಿಕಲ್‌ಗಳಲ್ಲಿ ಅಷ್ಟು ಸ್ಪಷ್ಟವಾದ ಸಂಬಂಧ ಹೆಚ್ಚೇನೂ ಕಾಣಲಿಲ್ಲ. ನಾನು "ಕೆಲವೇ" ಅಂದದ್ದು ಇದಕ್ಕೇ.

ಡ್ರಮ್ ಮೇಲೆ ಹೆಸರು ನೋಡಬೇಡಿ, ನಂಬರ್ ನೋಡಿ

"ಎನ್‌ಸಿ ಥಿನ್ನರ್", "ಪಿಯು ಥಿನ್ನರ್", "ಸ್ಪೆಷಲ್ ಕ್ಲೀನರ್" ಇವೆಲ್ಲ ಅಡುಗೆಗೆ ಸಾಂಬಾರು ಅನ್ನುವ ಹಾಗೆ. ಒಳಗೆ ಏನು ಬಿದ್ದಿದೆ ಅಂತ ಹೆಸರಿನಿಂದ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ಎಸ್‌ಡಿಎಸ್ (ಸೇಫ್ಟಿ ಡೇಟಾ ಶೀಟ್) ಬೇಕು, ಹಳಬರು ಎಂಎಸ್‌ಡಿಎಸ್ ಅನ್ನುತ್ತಾರೆ. ಹದಿನಾರು ಭಾಗ ಇರುವ ಒಂದು ಕಾಗದ ಅದು. ಸ್ಟೋರ್ಸ್‌ನಲ್ಲಿ ಕೇಳಿ. ಇಲ್ಲ ಅಂದರೆ ಡಬ್ಬಿಯ ಮೇಲಿನ ಪೂರ್ತಿ ಹೆಸರನ್ನು ಫೋಟೋ ಹೊಡೆದು, ತಯಾರಿಸುವ ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿ. ಬಹಳ ಸಲ ಸಿಗುತ್ತದೆ.

ಹದಿನಾರೂ ಓದುವುದು ಬೇಡ. 2ನೇ ಭಾಗದಲ್ಲಿ ಅಪಾಯದ ಕೋಡ್ ಇರುತ್ತದೆ. 3ನೇ ಭಾಗದಲ್ಲಿ ಒಳಗೆ ಏನೇನಿದೆ, ಅದರ ಸಿಎಎಸ್ ನಂಬರ್ ಏನು ಅಂತ ಇರುತ್ತದೆ. ಸಿಎಎಸ್ ನಂಬರ್ ಅಂದರೆ ಆ ರಾಸಾಯನಿಕದ ಆಧಾರ್ ನಂಬರ್ ಇದ್ದ ಹಾಗೆ. ಹೆಸರು ಹತ್ತು ತರ ಬರೆದರೂ ನಂಬರ್ ಒಂದೇ. 8ನೇ ಭಾಗದಲ್ಲಿ ಯಾವ ಗ್ಲೌಸ್, ಯಾವ ಮಾಸ್ಕ್ ಅಂತ ಇರುತ್ತದೆ. ಸದ್ಯಕ್ಕೆ ಈ ಮೂರು ಸಾಕು.

ಕೋಡ್‌ನಲ್ಲಿ ಹುಡುಕಬೇಕಾದ್ದು ಎಚ್360 ಮತ್ತು ಎಚ್361. ಮೊದಲನೆಯದು "ಸಂತಾನಶಕ್ತಿಗೆ ಅಥವಾ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಹುದು" ಅನ್ನುತ್ತದೆ. ಎರಡನೆಯದು "ಹಾಗೆ ಅನುಮಾನ ಇದೆ" ಅನ್ನುತ್ತದೆ. ಕೊನೆಯಲ್ಲಿ ಎಫ್ ಅಕ್ಷರ ಇದ್ದರೆ ಸಂತಾನಶಕ್ತಿ, ಡಿ ಇದ್ದರೆ ಹೊಟ್ಟೆಯಲ್ಲಿರುವ ಮಗು. ಡಬ್ಬಿಯ ಮೇಲೆ ಎದೆಯಲ್ಲಿ ನಕ್ಷತ್ರ ಸಿಡಿದಂತಿರುವ ಮನುಷ್ಯನ ಚಿತ್ರ ಕಂಡ ತಕ್ಷಣ ಗಾಬರಿ ಬೇಡ. ನುಂಗಿದರೆ ಶ್ವಾಸಕೋಶಕ್ಕೆ ಹೋಗುವ ಅಪಾಯಕ್ಕೂ ಅದೇ ಚಿತ್ರ ಹಾಕುತ್ತಾರೆ. ಕೋಡ್ ಓದಿಯೇ ತೀರ್ಮಾನ ಮಾಡಿ.

ಈಗ ನಂಬರ್‌ಗಳು. ಒಂದು ಚೀಟಿಯಲ್ಲಿ ಬರೆದು ಪರ್ಸ್‌ನಲ್ಲಿ ಇಟ್ಟುಕೊಳ್ಳಿ. 109-86-4, ಇದು 2-ಮೆಥಾಕ್ಸಿಎಥನಾಲ್, ಅಂದರೆ ಮೀಥೈಲ್ ಸೆಲ್ಲೋಸಾಲ್ವ್. 110-80-5, ಇದು 2-ಎಥಾಕ್ಸಿಎಥನಾಲ್, ಎಥೈಲ್ ಸೆಲ್ಲೋಸಾಲ್ವ್. ಇವೆರಡರ ಅಸಿಟೇಟ್‌ಗಳು 110-49-6 ಮತ್ತು 111-15-9. ಕೊರಿಯಾದ ಆಸಾಮಿ 2-ಬ್ರೋಮೋಪ್ರೊಪೇನ್ 75-26-3. ಅದರ ಅಣ್ಣ 1-ಬ್ರೋಮೋಪ್ರೊಪೇನ್ 106-94-5, ಲೋಹದ ಜಿಡ್ಡು ತೆಗೆಯುವ ದ್ರಾವಣಗಳಲ್ಲಿ, ಸ್ಪ್ರೇ ಅಂಟಿನಲ್ಲಿ ಬರುತ್ತದೆ. ಇವುಗಳಲ್ಲಿ ಯಾವುದಾದರೂ ನಿಮ್ಮ ಎಸ್‌ಡಿಎಸ್‌ನಲ್ಲಿ ಇದ್ದರೆ ಗ್ಲೌಸ್ ಹಾಕಿಕೊಂಡು ಮುಂದುವರಿಯುವ ಯೋಚನೆ ಆಮೇಲೆ. ಮೊದಲು ಆ ಡಬ್ಬಿಯನ್ನೇ ಬದಲಾಯಿಸುವ ಮಾತಾಡಿ.

ಬ್ಯುಟೈಲ್ ಸೆಲ್ಲೋಸಾಲ್ವ್, 111-76-2, ಇದೇ ಮನೆತನದ ಹೆಸರು ಹೊತ್ತಿದ್ದರೂ ವೃಷಣದ ಮೇಲೆ ಆ ತರ ದಾಳಿ ಮಾಡುವುದಿಲ್ಲ. ಅದರ ತೊಂದರೆಗಳು ಬೇರೆ. ಎಸ್‌ಡಿಎಸ್‌ನಲ್ಲಿ "ಸೆಲ್ಲೋಸಾಲ್ವ್" ಅಂತ ಕಂಡ ಮಾತ್ರಕ್ಕೆ ಜಗಳಕ್ಕೆ ಹೋಗಬೇಡಿ. ನಂಬರ್ ನೋಡಿ ಹೋಗಿ.

ಹಾಗಾದರೆ ನಾವು ದಿನಾ ಮೂಸುವ ಟೊಲ್ಯೂನ್? 108-88-3. ಇದು ಮಧ್ಯದಲ್ಲಿ ನಿಲ್ಲುತ್ತದೆ. ಹಾರ್ಮೋನ್ ಮೇಲೆ ಪರಿಣಾಮ ಕಂಡ ಅಧ್ಯಯನಗಳಿವೆ. ಫಿನ್‌ಲೆಂಡ್‌ನಲ್ಲಿ ಸಾಲ್ವೆಂಟ್ ಜೊತೆ ಕೆಲಸ ಮಾಡುವ ಗಂಡಸರ ಹೆಂಡತಿಯರಲ್ಲಿ ಗರ್ಭಪಾತ ಜಾಸ್ತಿ ಕಂಡಿದ್ದರು, ಆ ಪಟ್ಟಿಯಲ್ಲಿ ಟೊಲ್ಯೂನ್ ಹೆಸರೂ ಇತ್ತು. ಆದರೆ ಸೆಲ್ಲೋಸಾಲ್ವ್ ವಿಷಯದಲ್ಲಿ ಇರುವಷ್ಟು ಗಟ್ಟಿ ಸಾಕ್ಷಿ ಇದಕ್ಕಿಲ್ಲ. ಅಂಟಿನಲ್ಲಿರುವ ಹೆಕ್ಸೇನ್ ಮನುಷ್ಯರಲ್ಲಿ ಮುಖ್ಯವಾಗಿ ನರಕ್ಕೆ ಹೊಡೆಯುತ್ತದೆ, ಕಾಲು ಜೋಮು ಹಿಡಿಯುತ್ತದೆ. ಇಲಿಗಳಲ್ಲಿ ವೃಷಣಕ್ಕೂ ಪೆಟ್ಟು ಕೊಟ್ಟಿದೆ. ರೇಯಾನ್ ಕಾರ್ಖಾನೆಗಳಲ್ಲಿ ಬಳಸುವ ಕಾರ್ಬನ್ ಡೈಸಲ್ಫೈಡ್ ಕೂಡ ಹಳೆಯ ಅಪರಾಧಿ, ವೀರ್ಯದ ಜೊತೆ ಆಸಕ್ತಿಯನ್ನೂ ಕುಗ್ಗಿಸುತ್ತದೆ. ಅಸಿಟೋನ್, ಎಥೈಲ್ ಅಸಿಟೇಟ್‌ಗಳ ಮೇಲೆ ಈ ಎಚ್360, 361 ಕೋಡ್ ಇಲ್ಲ. ತಲೆನೋವು ಬರಿಸುತ್ತವೆ, ಬೆಂಕಿ ಹೊತ್ತಿಕೊಳ್ಳುತ್ತವೆ, ಅದು ಬೇರೆ ಮಾತು.

ಲೂಸ್ ಥಿನ್ನರ್ ಅಂತ ಲೇಬಲ್ಲೇ ಇಲ್ಲದ ಕ್ಯಾನ್‌ನಲ್ಲಿ ಮಾರುತ್ತಾರಲ್ಲ, ಅದರ ಬಗ್ಗೆ ನನ್ನ ಸಲಹೆ ಒಂದೇ. ಮಗು ಬೇಕು ಅಂತ ಇರುವ ಸಮಯದಲ್ಲಿ ಅದನ್ನು ಮುಟ್ಟಬೇಡಿ. ಹತ್ತು ರೂಪಾಯಿ ಉಳಿಸಲು ಹೋಗಿ ಏನು ಮೂಸುತ್ತಿದ್ದೀವಿ ಅಂತಲೇ ಗೊತ್ತಿಲ್ಲದ ಹಾಗಾಗುತ್ತದೆ.

ಮೂಗಿಗಿಂತ ಕೈ ದೊಡ್ಡ ಬಾಗಿಲು

ಕೆಲಸ ಮುಗಿದ ಮೇಲೆ ಥಿನ್ನರ್‌ನಲ್ಲೇ ಕೈ ತೊಳೆಯುವುದು ನಮ್ಮ ಗ್ಯಾರೇಜು, ಪೇಂಟ್ ಶಾಪುಗಳಲ್ಲಿ ಮಾಮೂಲಿ. ನಾನೂ ವರ್ಷಗಟ್ಟಲೆ ತೊಳೆದಿದ್ದೇನೆ. ಗ್ಲೈಕಾಲ್ ಈಥರ್ ವಿಷಯದಲ್ಲಿ ಇದಕ್ಕಿಂತ ಕೆಟ್ಟ ಅಭ್ಯಾಸ ಇಲ್ಲ. ಅವು ಬೇಗ ಆವಿಯಾಗುವುದಿಲ್ಲ, ಚರ್ಮದ ಮೂಲಕ ಸಲೀಸಾಗಿ ಒಳಗೆ ಹೋಗುತ್ತವೆ, ಒಳಗೆ ಹೋದ ಮೇಲೆ ದೇಹವೇ ಅವನ್ನು ಮೆಥಾಕ್ಸಿಅಸಿಟಿಕ್ ಆಮ್ಲದಂಥ ವಸ್ತುವಾಗಿ ಬದಲಿಸುತ್ತದೆ, ವೀರ್ಯಾಣು ತಯಾರಾಗುವ ಜಾಗಕ್ಕೆ ಹೊಡೆಯುವುದು ಆ ಆಮ್ಲ. ವಾಸನೆಯೂ ಘಾಟು ಇಲ್ಲ, ಸೌಮ್ಯ. ಮೂಗು ಎಚ್ಚರಿಸುವುದೇ ಇಲ್ಲ. ಕೈಗೆ ಅಡುಗೆ ಎಣ್ಣೆ ಹಚ್ಚಿ, ಉಜ್ಜಿ, ಆಮೇಲೆ ಸೋಪು. ಪೇಂಟ್ ಹೋಗುತ್ತದೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೇ.

ಗ್ಲೌಸ್ ವಿಷಯ. ಮೆಡಿಕಲ್ ಶಾಪಿನ ತೆಳು ಲೇಟೆಕ್ಸ್ ಗ್ಲೌಸ್ ಸಾಲ್ವೆಂಟ್‌ಗೆ ಜಾಲರಿ ಇದ್ದ ಹಾಗೆ. ನೀಲಿ ನೈಟ್ರೈಲ್ ಗ್ಲೌಸ್ ಹೆಕ್ಸೇನ್‌ಗೆ ಪರವಾಗಿಲ್ಲ, ಆದರೆ ಅಸಿಟೋನ್, ಎಂಇಕೆ (ಮೀಥೈಲ್ ಎಥೈಲ್ ಕೀಟೋನ್) ಬಿದ್ದರೆ ಬೇಗ ಉಬ್ಬಿ ಸೋಲುತ್ತದೆ, ಟೊಲ್ಯೂನ್‌ಗೂ ಜಾಸ್ತಿ ಹೊತ್ತು ತಡೆಯುವುದಿಲ್ಲ. ಸೆಲ್ಲೋಸಾಲ್ವ್, ಅಸಿಟೋನ್, ಎಂಇಕೆಗೆ ಬ್ಯುಟೈಲ್ ರಬ್ಬರ್ ಒಳ್ಳೆಯದು. ಟೊಲ್ಯೂನ್‌ಗೆ ವೈಟಾನ್. ಬೆಲೆ ಜಾಸ್ತಿ, ಹೌದು. ಎಸ್‌ಡಿಎಸ್ 8ನೇ ಭಾಗದಲ್ಲಿ ಯಾವುದು ಬರೆದಿದೆಯೋ ಅದನ್ನೇ ಕೇಳಿ ಪಡೆಯಿರಿ. ಒಳಗಡೆ ಒದ್ದೆಯಾದ ಗ್ಲೌಸ್ ಹಾಕಿಕೊಳ್ಳುವುದಕ್ಕಿಂತ ಬರಿಗೈ ವಾಸಿ, ಯಾಕಂದರೆ ಒದ್ದೆ ಗ್ಲೌಸ್ ಸಾಲ್ವೆಂಟನ್ನು ಚರ್ಮಕ್ಕೆ ಪಟ್ಟಿ ಕಟ್ಟಿದ ಹಾಗೆ ಹಿಡಿದಿಡುತ್ತದೆ.

ಮುಖಕ್ಕೆ ಕರ್ಚೀಫು, ಸರ್ಜಿಕಲ್ ಮಾಸ್ಕ್, ಎನ್95 ಯಾವುದೂ ಆವಿಯನ್ನು ತಡೆಯುವುದಿಲ್ಲ. ಅವು ಧೂಳಿಗೆ. ಆವಿಗೆ ಇದ್ದಿಲು ತುಂಬಿದ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಯುರೋಪ್ ಮಾದರಿಯಲ್ಲಿ ಕಂದು ಪಟ್ಟಿ, ಅಮೆರಿಕ ಮಾದರಿಯಲ್ಲಿ ಕಪ್ಪು. ಗಡ್ಡ ಬಿಟ್ಟಿದ್ದರೆ ಅಂಚಿನಿಂದ ಗಾಳಿ ನುಗ್ಗುತ್ತದೆ, ಮಾಸ್ಕ್ ಸುಮ್ನೆ ಅಲಂಕಾರ. ಊಟಕ್ಕೆ ಹೋಗುವಾಗ ಮಾಸ್ಕನ್ನು ಬೂತ್‌ನಲ್ಲೇ ನೇತು ಹಾಕಿದರೆ ಇದ್ದಿಲು ಆ ಹೊತ್ತಿನಲ್ಲೂ ಆವಿ ಕುಡಿಯುತ್ತಿರುತ್ತದೆ, ಜಿಪ್ ಇರುವ ಕವರಿನಲ್ಲಿ ಮುಚ್ಚಿಡಿ. ಮಾಸ್ಕ್ ಹಾಕಿದ್ದರೂ ವಾಸನೆ ಬಂದರೆ ಕಾರ್ಟ್ರಿಜ್ ಮುಗಿದಿದೆ ಅಥವಾ ಮಾಸ್ಕ್ ಸರಿಯಾಗಿ ಕೂತಿಲ್ಲ. ವಾಸನೆ ಬರಲಿಲ್ಲ ಅಂತ ತಿಂಗಳುಗಟ್ಟಲೆ ಅದನ್ನೇ ಎಳೆಯಬೇಡಿ, ಮೂಗು ಬೇಗ ಒಗ್ಗಿಹೋಗುತ್ತದೆ.

ಸಾಲ್ವೆಂಟ್ ಆವಿ ಗಾಳಿಗಿಂತ ಭಾರ. ಟೊಲ್ಯೂನ್ ಆವಿ ಸುಮಾರು ಮೂರು ಪಟ್ಟು. ಅಂದರೆ ಅದು ನೆಲದ ಹತ್ತಿರ ಸೇರುತ್ತದೆ. ಗೋಡೆಯ ತುದಿಯಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್, ಮೇಲೊಂದು ಸೀಲಿಂಗ್ ಫ್ಯಾನ್ ಇಟ್ಟು "ವೆಂಟಿಲೇಷನ್ ಇದೆ" ಅಂದರೆ ಅದು ಕಡೆಗೋಲಿನಿಂದ ಮಜ್ಜಿಗೆ ಕಡೆದ ಹಾಗೆ, ಇದ್ದದ್ದು ಇಲ್ಲೇ ತಿರುಗುತ್ತದೆ. ಹೀರುವ ಬಾಯಿ ಕೆಲಸದ ಪಕ್ಕದಲ್ಲಿ, ಕೆಳಮಟ್ಟದಲ್ಲಿ ಇರಬೇಕು. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬಂದು ಕೆಲಸದ ಮೇಲೆ ಹಾದು ಹೊರಗೆ ಹೋಗಬೇಕು. ಡಬ್ಬಿಗಳಿಗೆ ಮುಚ್ಚಳ, ಒರೆಸಿದ ಬಟ್ಟೆಗೆ ಮುಚ್ಚಳವಿರುವ ಡಬ್ಬ. ಇಷ್ಟಕ್ಕೇ ಎಷ್ಟೋ ಘಾಟು ಇಳಿಯುತ್ತದೆ.

ಆಮೇಲೆ ಬೆಲ್ಲ. "ಬೆಲ್ಲ ತಿನ್ನಿ, ಬಾಳೆಹಣ್ಣು ತಿನ್ನಿ, ಹೊಟ್ಟೆಗೆ ಹೋಗಿದ್ದೆಲ್ಲ ಕ್ಲೀನ್ ಆಗುತ್ತೆ" ಅಂತ ಎಷ್ಟು ಶಾಪುಗಳಲ್ಲಿ ಕೊಡುತ್ತಾರೆ! ತಿನ್ನಿ, ಬೇಡ ಅನ್ನುವುದಿಲ್ಲ. ಆದರೆ ಸಾಲ್ವೆಂಟ್ ರಕ್ತಕ್ಕೆ ಸೇರುವುದು ಶ್ವಾಸಕೋಶ ಮತ್ತು ಚರ್ಮದಿಂದ. ಬೆಲ್ಲಕ್ಕೆ ಅಲ್ಲಿ ಏನೂ ಕೆಲಸ ಇಲ್ಲ.

ಪರೀಕ್ಷೆ, ಮತ್ತು ಮೂರು ತಿಂಗಳ ಲೆಕ್ಕ

ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಆಮೇಲೆ ನಾಳದಲ್ಲಿ ಬಲಿತು ಹೊರಬರಲು ಇನ್ನೊಂದು ವಾರ ಎರಡು ವಾರ. ಒಟ್ಟು ಮೂರು ತಿಂಗಳು ಅಂದುಕೊಳ್ಳಿ. ಇವತ್ತಿನ ಪರೀಕ್ಷೆ ತೋರಿಸುವುದು ಮೂರು ತಿಂಗಳ ಹಿಂದೆ ಶುರುವಾದ ಬೆಳೆಯನ್ನು. ಥಿನ್ನರ್ ಬಿಟ್ಟು ಹದಿನೈದು ದಿನಕ್ಕೆ ಪರೀಕ್ಷೆ ಮಾಡಿಸಿ "ಏನೂ ಬದಲಾಗಲಿಲ್ಲ" ಅಂತ ಕೈಚೆಲ್ಲಿದವರನ್ನು ನೋಡಿದ್ದೇನೆ. ರಾಗಿ ಬಿತ್ತಿ ಮಾರನೇ ದಿನ ತೆನೆ ಹುಡುಕಿದ ಹಾಗೆ.

ಚೇತರಿಸಿಕೊಳ್ಳುವುದು ಪೆಟ್ಟು ಎಲ್ಲಿ ಬಿದ್ದಿದೆ ಅನ್ನುವುದರ ಮೇಲೆ ನಿಂತಿದೆ. ಸೆಲ್ಲೋಸಾಲ್ವ್ ಮುಖ್ಯವಾಗಿ ಅರ್ಧ ಬೆಳೆದ ಪೈರನ್ನು ಕೆಡಿಸುತ್ತದೆ, ಬೀಜ ಉಳಿದಿದ್ದರೆ ಮತ್ತೆ ಬೆಳೆ ಬರುತ್ತದೆ. 2-ಬ್ರೋಮೋಪ್ರೊಪೇನ್ ಬೀಜಕ್ಕೇ, ಅಂದರೆ ಮೂಲ ಕೋಶಗಳಿಗೇ ಕೈ ಹಾಕುತ್ತದೆ. 1977ರಲ್ಲಿ ಕ್ಯಾಲಿಫೋರ್ನಿಯಾದ ಲೇಥ್ರೋಪ್‌ನಲ್ಲಿ ಡಿಬಿಸಿಪಿ ಅನ್ನುವ ಕೀಟನಾಶಕ ತಯಾರಿಸುತ್ತಿದ್ದವರ ಕಥೆ ಇಲ್ಲಿ ನೆನಪಾಗುತ್ತದೆ. ಅದು ಸಾಲ್ವೆಂಟ್ ಅಲ್ಲ. ಆದರೆ ಅಲ್ಲಿನ ಗಂಡಸರೇ "ನಮ್ಮಲ್ಲಿ ಯಾರಿಗೂ ಮಕ್ಕಳಾಗ್ತಿಲ್ಲ ಯಾಕೆ?" ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡು ಪರೀಕ್ಷೆಗೆ ಹೋದರು. ಅಂಥವರಲ್ಲಿ ಕೌಂಟ್ ಕಡಿಮೆಯಾಗಿದ್ದ ಹಲವರು ಆ ಕೆಲಸ ಬಿಟ್ಟ ಮೇಲೆ ಸುಧಾರಿಸಿದರು, ಪೂರ್ತಿ ಸೊನ್ನೆಗೆ ಇಳಿದ ಎಷ್ಟೋ ಮಂದಿ ಸುಧಾರಿಸಲೇ ಇಲ್ಲ. ಆದ್ದರಿಂದ ಬೇಗ ಪರೀಕ್ಷೆ ಮಾಡಿಸಿ. ನಿಮ್ಮ ಲೈನ್‌ನಲ್ಲಿ ಮೂರ್ನಾಲ್ಕು ಜನಕ್ಕೆ ಇದೇ ತೊಂದರೆ ಇದ್ದರೆ ನಾಚಿಕೆ ಬಿಟ್ಟು ಮಾತಾಡಿಕೊಳ್ಳಿ.

ಪರೀಕ್ಷೆಗೆ ಮುಂಚೆ ಎರಡರಿಂದ ಏಳು ದಿನ ಸ್ಖಲನ ಇರಬಾರದು. ಸಾಧ್ಯವಾದರೆ ಲ್ಯಾಬ್‌ನಲ್ಲೇ ಕೊಡಿ. ಮನೆಯಿಂದ ತಂದರೆ ಒಂದು ಗಂಟೆಯೊಳಗೆ, ಜೇಬಿನ ಬಿಸಿಯಲ್ಲಿ ಇಟ್ಟುಕೊಂಡು ತಲುಪಿಸಿ. ಮಾಮೂಲಿ ಕಾಂಡೋಮ್, ಸೋಪು, ಎಣ್ಣೆ ಬೇಡ. ಸ್ವಲ್ಪ ಚೆಲ್ಲಿದ್ದರೆ ಹೇಳಿಬಿಡಿ, ಮೊದಲ ಹನಿಗಳಲ್ಲೇ ಜಾಸ್ತಿ ಇರುತ್ತವೆ. ಹಿಂದಿನ ಮೂರು ತಿಂಗಳಲ್ಲಿ ಡೆಂಗಿಯೋ ಯಾವುದೋ ಜೋರು ಜ್ವರ ಬಂದಿದ್ದರೆ ಅದನ್ನೂ ಹೇಳಿ, ಜ್ವರವೊಂದೇ ಕೌಂಟ್ ಇಳಿಸುತ್ತದೆ. 2021ರ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ ಪ್ರಕಾರ ಕೆಳಗಿನ ಗೆರೆ ಹೀಗಿದೆ: ಪ್ರಮಾಣ 1.4 ಮಿ.ಲೀ., ಒಂದು ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಅವುಗಳಲ್ಲಿ ಚಲಿಸುವವು 42%, ಸರಿಯಾದ ಆಕಾರದವು 4%. ಆ ನಾಲ್ಕು ನೋಡಿ ಎದೆ ಒಡೆದುಕೊಳ್ಳಬೇಡಿ, ಎಲ್ಲರಿಗೂ ಅಷ್ಟೇ. ಒಂದು ರಿಪೋರ್ಟ್ ನಂಬಿ ತೀರ್ಮಾನ ಬೇಡ, ಎರಡು ಮೂರು ತಿಂಗಳು ಬಿಟ್ಟು ಇನ್ನೊಂದು ಮಾಡಿಸಿ.

ಕೌಂಟ್ ಕಡಿಮೆ ಬಂದರೆ ಯೂರಾಲಜಿಸ್ಟ್ ಅಥವಾ ಆಂಡ್ರಾಲಜಿಸ್ಟ್ (ಗಂಡಸರ ಸಂತಾನ ಸಮಸ್ಯೆ ನೋಡುವ ಡಾಕ್ಟರ್) ಹತ್ತಿರ ಹೋಗಿ. ಎಫ್‌ಎಸ್‌ಎಚ್, ಎಲ್‌ಎಚ್, ಟೆಸ್ಟೋಸ್ಟೆರಾನ್ ಅನ್ನುವ ಹಾರ್ಮೋನ್ ಮಟ್ಟ ನೋಡುತ್ತಾರೆ, ವೇರಿಕೋಸಿಲ್ ಇದೆಯಾ ಅಂತ ಕೈಯಿಂದ ಪರೀಕ್ಷಿಸುತ್ತಾರೆ. ಜಿಮ್ ಗೆಳೆಯ ಹೇಳಿದ ಅಂತ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಮಾತ್ರ ತಗೋಬೇಡಿ. ಹೊರಗಿನಿಂದ ಬಂದರೆ ಒಳಗಿನ ಉತ್ಪಾದನೆ ನಿಂತುಹೋಗುತ್ತದೆ, ಇದ್ದ ಕೌಂಟೂ ಸೊನ್ನೆಗೆ ಬರಬಹುದು. ಬೀಡಿ, ಗುಟ್ಕಾ, ಕುಡಿತ, ಬಾಯ್ಲರ್ ಅಥವಾ ಓವನ್ ಪಕ್ಕದ ಬಿಸಿ ಇವೂ ಲೆಕ್ಕಕ್ಕೆ ಬರುತ್ತವೆ, ವೃಷಣ ದೇಹಕ್ಕಿಂತ ತಂಪಾಗಿ ಇರಲೆಂದೇ ಹೊರಗೆ ಇರುವುದು.

ಓನರ್ ಹತ್ತಿರ ಹೇಗೆ ಕೇಳುವುದು

"ನಂಗೆ ಮಗು ಆಗ್ತಿಲ್ಲ" ಅಂತ ಶುರುಮಾಡುವ ಅಗತ್ಯವೇ ಇಲ್ಲ. "ಈ ಕ್ಲೀನರ್‌ನ ಎಸ್‌ಡಿಎಸ್ ಕೊಡಿ ಸಾರ್, ಗ್ಲೌಸ್ ಯಾವುದು ಅಂತ ನೋಡಬೇಕು" ಅಂದರೆ ಸಾಕು. ಭೋಪಾಲ್ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂದು, ತನ್ನ ಆರೋಗ್ಯ ಮತ್ತು ಸುರಕ್ಷತೆಗೆ ಸಂಬಂಧಿಸಿದ ಮಾಹಿತಿ ಕೇಳುವ ಹಕ್ಕು ಕೆಲಸಗಾರನಿಗೆ ಸಿಕ್ಕಿತು. 2025ರ ನವೆಂಬರ್‌ನಲ್ಲಿ ಜಾರಿಯಾದ ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಅದು ಇದೆ. ಬಾಯಲ್ಲಿ ಕೇಳಿ ಆಗದಿದ್ದರೆ ಬರವಣಿಗೆಯಲ್ಲಿ ಕೇಳಿ, ನಾಲ್ಕೈದು ಜನ ಸೇರಿ ಸಹಿ ಹಾಕಿ. ಅದಕ್ಕೂ ಜಗ್ಗದಿದ್ದರೆ ರಾಜ್ಯದ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ ಇದೆ. ಚಿಕ್ಕ ಶೆಡ್‌ಗಳಲ್ಲಿ ಇದೆಲ್ಲ ಕಷ್ಟ, ನನಗೆ ಗೊತ್ತು, ಕೇಳಿದವನನ್ನೇ ನಾಳೆಯಿಂದ ಬರಬೇಡ ಅನ್ನುತ್ತಾರೆ. ಅಲ್ಲಿ ಇರುವ ದಾರಿ ಕೆಲಸ ಅದಲುಬದಲು ಮಾಡಿಕೊಳ್ಳುವುದು. ಮೂರ್ನಾಲ್ಕು ತಿಂಗಳು ಪ್ಯಾಕಿಂಗ್‌ಗೋ, ಡಿಸ್ಪ್ಯಾಚ್‌ಗೋ ಹಾಕಿ ಅಂತ ಕೇಳಿ.

ಕೆಲಸದ ಬಟ್ಟೆ ಮನೆಗೆ ತರಬೇಡಿ. ತರಲೇಬೇಕಾದರೆ ಕವರಿನಲ್ಲಿ ಕಟ್ಟಿ ತಂದು ಬೇರೆಯಾಗಿ ಒಗೆಯಿರಿ, ನೀವೇ ಒಗೆಯಿರಿ. ಹೆಂಡತಿ ಬಸುರಿಯಾದ ಮೇಲೆ ಇದು ಇನ್ನೂ ಮುಖ್ಯ.

ಡಾಕ್ಟರ್ ಹತ್ತಿರ ಹೋಗುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಏನು ಕೆಲಸ, ಎಷ್ಟು ವರ್ಷ, ದಿನಕ್ಕೆ ಎಷ್ಟು ಗಂಟೆ, ಯಾವ ಯಾವ ಸಿಎಎಸ್ ನಂಬರ್, ಕೈಗೆ ತಾಗುತ್ತದಾ, ಬೂತ್‌ನಲ್ಲಿ ಗಾಳಿ ಹೇಗಿದೆ, ಆ ಕೆಲಸ ಬಿಟ್ಟಿದ್ದರೆ ಯಾವ ತಾರೀಖಿನಿಂದ. ಅವರು ಕೇಳದಿದ್ದರೂ ಕೊಡಿ, ಫೈಲಿಗೆ ಸೇರಿಸಿ ಅನ್ನಿ. ಕೌಂಟ್ ತೀರಾ ಕೆಳಗಿದ್ದು ಇನ್ನೂ ಇಳಿಯುತ್ತಿದ್ದರೆ ಇರುವುದನ್ನು ಈಗಲೇ ಫ್ರೀಜ್ ಮಾಡಿಸಿ ಇಡಬಹುದಾ ಅಂತಲೂ ಅವತ್ತೇ ಕೇಳಿ. ನನ್ನ ಗೆಳೆಯ ಎರಡನೇ ಸಲ ಹೋದಾಗ ಈ ಹಾಳೆ ಹಿಡಿದುಕೊಂಡೇ ಹೋದ. ಡಾಕ್ಟರ್ ಐದು ನಿಮಿಷ ಅದನ್ನೇ ಓದಿ, "ಇದನ್ನ ಮೊದಲೇ ಯಾಕೆ ತರಲಿಲ್ಲ?" ಅಂದರಂತೆ.